ಐದನೇ ಹಾಡಿನ ಟಕ್ ಟಕ್

ಮೇಸ್ತ್ರಿಯ ಮಾನ ಹೋದದ್ದು ಒಂದು ಒಳ್ಳೆಯ ಹಾಡಿನಿಂದ. ಕೆಟ್ಟ ಹಾಡಿನಿಂದ ಮಾನ ಕಳೆದುಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹೆಚ್ಚಿನವರು ಅದನ್ನು ಹಾಡಿದವರೇ. ಆದರೆ ಮನೆಯ ಮೂಲೆಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಸುಮ್ಮನೆ ಕೇಳಿದ್ದಕ್ಕೆ ಹದಿನಾರು ಮನೆಯವರ ಎದುರು ತಲೆ ತಗ್ಗಿಸಿದವನು ಬಹುಶಃ ಮೇಸ್ತ್ರಿಯೊಬ್ಬನೇ.

ಹದಿನಾರು ಮನೆಗಳಿದ್ದ ಆ ನಾಲ್ಕು ಮಹಡಿಯ ಕಟ್ಟಡದ ಪಂಪು, ಪೈಪು, ಮೀಟರು, ಲಿಫ್ಟು ಎಲ್ಲವನ್ನೂ ನೋಡಿಕೊಳ್ಳುವವನು ಅವನು. ನೆಲಮಹಡಿಯ ಹಿಂಭಾಗದಲ್ಲಿ, ಪಂಪಿನ ಕೋಣೆಗೆ ಅಂಟಿಕೊಂಡಿದ್ದ ಮನೆಯಲ್ಲಿ ಹೆಂಡತಿಯೊಂದಿಗೆ ಇಪ್ಪತ್ತೆರಡು ವರ್ಷದಿಂದ ವಾಸ. ಅವನ ಕಿವಿ ಕಟ್ಟಡಕ್ಕೆಲ್ಲ ಪ್ರಸಿದ್ಧ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಅರೆಗಳಿಗೆ ನಿಂತನೆಂದರೆ, 'ಬೇರಿಂಗ್ ಹೋಗಿದೆ' ಎಂತಲೋ 'ಬೋಲ್ಟು ಸಡಿಲ' ಎಂತಲೋ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಹೆಂಡತಿ ಮಾತ್ರ, "ಯಂತ್ರ ಪಿಸುಗುಟ್ಟಿದ್ರೂ ಕೇಳಿಸುತ್ತೆ, ನಾನು ಕೂಗಿದ್ರೂ ಕೇಳಿಸಲ್ಲ" ಎನ್ನುತ್ತಿದ್ದಳು. ಎಲ್ಲ ಹೆಂಡತಿಯರೂ ಹೇಳುವ ಮಾತು ಅದು, ಬಿಡಿ.

ಇಂಥ ಕಿವಿಯವನಿಗೆ ಸಿಕ್ಕ ಅಳಿಯ ಬೇಸ್ ನುಡಿಸುವವನು. ಆಳೆತ್ತರದ ಪಿಟೀಲಿನಂಥ ಒಂದು ವಾದ್ಯವನ್ನು ತಬ್ಬಿಕೊಂಡು ನಿಂತು ಅದರ ತಂತಿ ಎಳೆಯುವುದು ಅವನ ಉದ್ಯೋಗ. ಜೊತೆಗೆ ಡ್ರಮ್ಮಿನವನೊಬ್ಬ, ಕೀಬೋರ್ಡಿನವಳೊಬ್ಬಳು. ಮೂವರೂ ಸೇರಿ ನುಡಿಸುವುದು ಜಾಝ್, ಅದರಲ್ಲೂ ಪ್ರಯೋಗದ ಜಾಝ್. ಮದುವೆಗೆ ಮುಂಚೆ ಒಮ್ಮೆ ಹೋಗಿ ಕೇಳಿ ಬಂದಿದ್ದ ಮೇಸ್ತ್ರಿ, "ಮೂರು ಜನ ಒಂದೇ ಬಸ್ಸು ಹತ್ತಿ ಮೂರು ಸ್ಟಾಪಲ್ಲಿ ಇಳಿದ ಹಾಗಿತ್ತು ಕಣ್ರೀ" ಎಂದು ಮೆಟ್ಟಿಲ ಬಳಿ ನಿಂತು ಹೋಗಿಬರುವವರಿಗೆಲ್ಲ ಹೇಳಿ ನಗಿಸಿದ್ದ. ಅದು ಸಾಲದೆಂದು ಕಳೆದ ವರ್ಷ, ಬೆಳಿಗ್ಗೆ ಏಳಕ್ಕೆ ಮುಂಚೆ ಯಾರ ಮನೆಯಿಂದಲೂ ಹಾಡು, ವಾದ್ಯ, ಟೀವಿಯ ಸದ್ದು ಬರಕೂಡದು ಎಂಬ ನಿಯಮವನ್ನು ಒತ್ತಾಯ ಮಾಡಿ ಬರೆಸಿ, ಲಿಫ್ಟಿನ ಪಕ್ಕದಲ್ಲಿ ತನ್ನ ಕೈಯಾರೆ ಅಂಟಿಸಿದ್ದ.

ಅದೇ ಮೇಸ್ತ್ರಿ ಈಗ ಹತ್ತು ದಿನದಿಂದ ಬೆಳಗಿನ ಐದೂವರೆಗೆ, ಹೆಂಡತಿ ವಾಕಿಂಗಿಗೆ ಹೊರಟ ಕೂಡಲೇ, ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಅಳಿಯನ ಜಾಝ್ ಕೇಳುತ್ತಿದ್ದ. ಕದ್ದು.

ಆದದ್ದಿಷ್ಟು. ಹೋದ ತಿಂಗಳು ಬಂದಿದ್ದ ಅಳಿಯ ಉಗುರಿನಷ್ಟು ಗಾತ್ರದ ಒಂದು ಮೆಮರಿ ಕಾರ್ಡು ಕೊಟ್ಟು, "ಮಾವ, ಹತ್ತು ವರ್ಷದಲ್ಲಿ ನುಡಿಸಿದ್ದರಲ್ಲಿ ಹನ್ನೆರಡು ಆರಿಸಿ ಒಂದು ಆಲ್ಬಂ ಮಾಡಿದೀವಿ. ಪುರುಸೊತ್ತಾದಾಗ ಕೇಳಿ" ಎಂದಿದ್ದ. "ಆಗಲಿ ಆಗಲಿ" ಎಂದ ಮೇಸ್ತ್ರಿ ಅದನ್ನು ಮೊಳೆಗಳ ಡಬ್ಬಿಗೆ ಹಾಕಿ ಮರೆತಿದ್ದ. ವಾಷರು ಹುಡುಕುವಾಗ ಕೈಗೆ ಸಿಕ್ಕಿತು. ಬೈಯುವುದಕ್ಕಾದರೂ ಒಮ್ಮೆ ಕೇಳಬೇಕಲ್ಲ ಎಂದು ಮೊಬೈಲಿಗೆ ತುರುಕಿ, ಕಿತ್ತಳೆ ಹಣ್ಣಿನಷ್ಟಿದ್ದ ಸ್ಪೀಕರಿಗೆ ಜೋಡಿಸಿದ.

ಮೂರನೆಯ ಹಾಡಿಗೆ ಟೀ ಆರಿಹೋದದ್ದು ತಿಳಿಯಲಿಲ್ಲ. ಐದನೆಯದಕ್ಕೆ ಮೇಸ್ತ್ರಿ ಕೆಟ್ಟೇಹೋದ. ಬೇಸು ಹಠ ಹಿಡಿದ ಮಗುವಿನಂತೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಡ್ರಮ್ಮು ಅದನ್ನು ಹಿಂದಿನಿಂದ ನೂಕುತ್ತಿತ್ತು. ಕೀಬೋರ್ಡು ಎಲ್ಲೆಲ್ಲೋ ಅಲೆದು, ಇನ್ನೇನು ಕಳೆದೇಹೋಯಿತು ಎನ್ನುವಷ್ಟರಲ್ಲಿ ಸರಿಯಾದ ಹೊತ್ತಿಗೆ ಮನೆ ಸೇರುತ್ತಿತ್ತು. ಚೆನ್ನಾಗಿ ಎಣ್ಣೆ ಬಿಟ್ಟ ಯಂತ್ರ ಇದು ಎಂದು ಮೇಸ್ತ್ರಿಗೆ ಅನ್ನಿಸಿತು. ಮಾರನೆಯ ದಿನದಿಂದ ಅದನ್ನೇ ಮತ್ತೆ ಮತ್ತೆ ಹಾಕಿ ಕೇಳತೊಡಗಿದ. ಮೂರು ದಿನ ಕೇಳಿದ ಮೇಲೆ ಇನ್ನೊಂದು ಗುಟ್ಟೂ ತಿಳಿಯಿತು: ಹಾಡಿನ ತಳದಲ್ಲಿ, ತೀರ ಮೆಲ್ಲಗೆ, ಟಕ್… ಟಟಕ್, ಟಕ್… ಟಟಕ್ ಎಂದು ಯಾರೋ ತಟ್ಟುತ್ತಿದ್ದರು. ಮೊದಮೊದಲು ಅವನಿಗದು ಕೇಳಿಸಿಯೇ ಇರಲಿಲ್ಲ. ಒಳ್ಳೆಯ ಸಂಗೀತ ತನ್ನ ಗುಟ್ಟನ್ನು ಒಂದೇ ಸಲಕ್ಕೆ ಬಿಟ್ಟುಕೊಡುವುದಿಲ್ಲ ಎಂದುಕೊಂಡ. ಆ ತಟ್ಟು ಬಂದಾಗಲೆಲ್ಲ ಕಣ್ಣು ತಾನಾಗಿ ಮುಚ್ಚಿ, ಕಾಲು ತಾನಾಗಿ ಕುಣಿಯುತ್ತಿತ್ತು. ಇಂಥದ್ದನ್ನು ನುಡಿಸುವ ಹುಡುಗನನ್ನು ಎರಡು ವರ್ಷ ಆಡಿಕೊಂಡೆನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಆದರೆ ನಾಚಿಕೆಯಾಯಿತು ಎಂದು ಬಾಯಿಬಿಟ್ಟು ಹೇಳುವುದು ಅದಕ್ಕಿಂತ ದೊಡ್ಡ ನಾಚಿಕೆ.

ಯಾರಿಗಾದರೂ ಕೇಳಿಸೀತು ಎಂಬ ಭಯವೇನೂ ಅವನಿಗಿರಲಿಲ್ಲ. ಅದೇ ಹೊತ್ತಿಗೆ ಗೋಡೆಯಾಚೆ ಪಂಪು ತಾನಾಗಿ ಶುರುವಾಗಿ ಮೇಲಿನ ಟ್ಯಾಂಕು ತುಂಬಿಸುತ್ತಿತ್ತು. ಅದರ ಗುಂಯ್ ಸದ್ದಿನಲ್ಲಿ ಇದು ಮುಚ್ಚಿಹೋಗುತ್ತದೆ ಎಂದು ಅವನ ಲೆಕ್ಕ.

ಆ ದಿನ ಆರೂವರೆ ದಾಟಿದಾಗ ಬಾಗಿಲು ಬಡಿದ ಸದ್ದಾಯಿತು. ಪಂಪು ಆಗಷ್ಟೇ ನಿಂತಿತ್ತು, ಮೇಸ್ತ್ರಿ ಐದನೆಯ ಹಾಡಿನ ಇನ್ನೊಂದು ಸುತ್ತಿನಲ್ಲಿದ್ದ. ಗಾಬರಿಯಿಂದ ಸ್ಪೀಕರನ್ನು ಹತ್ತಿರವಿದ್ದ ಕುಕ್ಕರಿಗೆ ಹಾಕಿ ಮುಚ್ಚಳ ತಿರುಗಿಸಿ ಬಾಗಿಲು ತೆರೆದ.

ಎರಡನೆಯ ಮಹಡಿಯ ಹಲ್ಲಿನ ಡಾಕ್ಟರು ನಿಂತಿದ್ದರು. ಕಣ್ಣು ಕೆಂಪಗಿತ್ತು. "ಮೇಸ್ತ್ರಿ, ಒಂದು ವಾರದಿಂದ ತಡ್ಕೊಂಡಿದೀನಿ. ಇನ್ನು ಆಗಲ್ಲ. ಅದೇನು ಸದ್ದು ಅದು?"

"ಯಾವ ಸದ್ದು ಡಾಕ್ಟ್ರೇ?"

"ಟಕ್… ಟಟಕ್. ಟಕ್… ಟಟಕ್." ಡಾಕ್ಟರು ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರು. "ದಿನಾ ಬೆಳಿಗ್ಗೆ, ಸರಿಯಾಗಿ ತಲೆದಿಂಬಿನ ಹಿಂದೆ! ಸದ್ದು ನಿಂತ್ರೂ ತಲೇಲಿ ನಿಲ್ಲಲ್ಲ. ನಿನ್ನೆ ಒಬ್ಬರ ಹಲ್ಲು ಕೊರೀತಾ ಇದ್ದೆ, ಕೈ ಅದೇ ತಾಳಕ್ಕೆ ಕುಣೀತಿದೆ. ಆ ಮನುಷ್ಯ ಕುರ್ಚಿಯಿಂದ ಎದ್ದು ಓಡಿಹೋದ!"

ಮೇಸ್ತ್ರಿಗೆ ಗುರುತು ಸಿಕ್ಕಿತು. ಅದು ಐದನೆಯ ಹಾಡೇ! ಚಾಚೂ ತಪ್ಪದೆ ಅದೇ! ಸ್ಪೀಕರು ಇಟ್ಟಿದ್ದ ಹಲಗೆ ನೀರಿನ ಪೈಪಿಗೆ ತಾಗಿಕೊಂಡಿದ್ದದ್ದು ನೆನಪಾಯಿತು. ಹಾಡು ಮುಚ್ಚಿಹೋದರೂ ತಟ್ಟು ಪೈಪು ಹಿಡಿದು ಮೇಲೇರಿದೆ. ಡಾಕ್ಟರು ತಟ್ಟಿ ತೋರಿಸುತ್ತಿದ್ದಂತೆ ಅವನ ಬಲಗಾಲು ತಾನೂ ಶುರುಮಾಡಿಕೊಂಡಿತು. ಎಡಗಾಲಿನಿಂದ ಅದನ್ನು ತುಳಿದು ನಿಲ್ಲಿಸಿದ.

ಆಗಲೇ ಹೇಳಿಬಿಡಬಹುದಿತ್ತು. 'ಡಾಕ್ಟ್ರೇ, ಅದು ನನ್ನ ಹಾಡು, ತಪ್ಪಾಯ್ತು.' ಒಂದೇ ವಾಕ್ಯ. ಅಷ್ಟರಲ್ಲಿ ಲಿಫ್ಟಿನ ಪಕ್ಕದ ನಿಯಮದ ಕಾಗದ ಕಣ್ಣ ಮುಂದೆ ಬಂತು. ಅದರ ನಾಲ್ಕು ಮೂಲೆಗೂ ಅಂಟು ಹಚ್ಚಿದ ತನ್ನ ಕೈಯೂ ಬಂತು.

"ನೋಡ್ತೀನಿ ಡಾಕ್ಟ್ರೇ" ಎಂದ.

"ನೀವು ನೋಡೋದೇನು, ಕೇಳಿ! ನಿಮ್ಮ ಕಿವಿಗಿಂತ ಬೇಕಾ?" ಎಂದು ಡಾಕ್ಟರು ಹೊರಟುಹೋದರು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಾಳೆಯಿಂದ ಹಾಡು ಬಂದ್ ಮಾಡಿದರೆ ಸದ್ದೂ ಬಂದ್ ಎಂದುಕೊಂಡು ಮೇಸ್ತ್ರಿ ಉಸಿರು ಬಿಟ್ಟ. ಆದರೆ ಡಾಕ್ಟರು ನೇರವಾಗಿ ಕಾರ್ಯದರ್ಶಿಗಳ ಮನೆಗೆ ಹೋಗಿದ್ದರು.

ಕಟ್ಟಡದ ಕಾರ್ಯದರ್ಶಿಗಳು ರೈಲ್ವೆಯ ನಿವೃತ್ತ ಗಾರ್ಡು. ಗಾರ್ಡ್ ಸಾಹೇಬರಿಗೆ ಯಾವುದೇ ವಿಷಯ ರಿಜಿಸ್ಟರಿನಲ್ಲಿ, ಗಂಟೆ ನಿಮಿಷದ ಸಮೇತ ದಾಖಲಾಗುವವರೆಗೆ ನಡೆದೇ ಇಲ್ಲವೆಂದು ಲೆಕ್ಕ. ಒಂಬತ್ತು ಗಂಟೆಗೆ ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಪಂಪಿನ ಕೋಣೆಯ ಮುಂದೆ ಹಾಜರಾದರು.

"ಎಲ್ಲಾ ಮನೆಗೂ ಹೋಗಿ ವಿಚಾರಿಸ್ಕೊಂಡು ಬಂದೆ. ಸದ್ದು ಐದು ನಲವತ್ತರ ಮೇಲೆ ಶುರು, ಆರೂವರೆಯ ಆಸುಪಾಸಿಗೆ ಬಂದ್. ಆ ಹೊತ್ತಲ್ಲಿ ಈ ಕಟ್ಟಡದಲ್ಲಿ ಓಡೋ ಯಂತ್ರ ಎರಡೇ. ಒಂದು ನಿಮ್ಮ ಪಂಪು. ಇನ್ನೊಂದು ಟೈಲರಕ್ಕನ ಹೊಲಿಗೆ ಮಿಷನ್ನು. ಮೊದಲು ಪಂಪು ನೋಡಿ, ನನಗೆ ಬರವಣಿಗೇಲಿ ಕೊಡಿ."

ಪಂಪಿನ ಬಗ್ಗೆ ಮೇಸ್ತ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಳ್ಳನೇ ಮುಂದೆ ನಿಂತು ಕಳ್ಳನನ್ನು ಹುಡುಕುವಂತಾಯಿತಲ್ಲ ಎಂಬ ಸಂಕಟದಲ್ಲಿ, ಹೇಗಾದರೂ ಇದು ಬೇಗ ಮುಗಿದರೆ ಸಾಕಾಗಿತ್ತು. ಸ್ವಿಚ್ಚು ಹಾಕಿದ. ಸ್ಕ್ರೂಡ್ರೈವರು ಒತ್ತಿ, ಕಣ್ಣು ಮುಚ್ಚಿ ಒಂದು ನಿಮಿಷ ನಿಂತ. ಪಂಪು ರೇಷ್ಮೆಯಂತೆ ಓಡಿತು. ನಿಲ್ಲಿಸಿದ. ಟೈಮರನ್ನೂ ಒಮ್ಮೆ ಬಿಚ್ಚಿ ನೋಡುವ ಶಾಸ್ತ್ರ ಮಾಡಿ, ರಿಜಿಸ್ಟರಿನಲ್ಲಿ ದುಂಡಗೆ ಬರೆದ: 'ಪಂಪನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ. ಯಾವ ದೋಷವೂ ಇಲ್ಲ. ಸದ್ದು ಇದರದ್ದಲ್ಲ.' ಕೆಳಗೆ ಸಹಿ.

ಗಾರ್ಡ್ ಸಾಹೇಬರು ಗಡಿಯಾರ ನೋಡಿ, 'ಒಂಬತ್ತು ಹನ್ನೆರಡು' ಎಂದು ಪಕ್ಕದಲ್ಲಿ ಬರೆದು, ರಿಜಿಸ್ಟರು ಮುಚ್ಚಿದರು.

"ಹಾಗಾದ್ರೆ ಮುಗೀತು. ಉಳಿದದ್ದು ಟೈಲರಕ್ಕ."

ಮೇಸ್ತ್ರಿಗೆ ಆಗ ಹೊಳೆಯಿತು, ತಾನು ಏನು ಬರೆದುಕೊಟ್ಟೆ ಎಂದು.

ಮೊದಲ ಮಹಡಿಯ ಟೈಲರಕ್ಕ ಒಂಟಿ ಹೆಂಗಸು. ಮಗಳು ನರ್ಸಿಂಗ್ ಓದುತ್ತಿದ್ದಳು. ಇಬ್ಬರ ಹೊಟ್ಟೆಯೂ ಮನೆಯೊಳಗಿನ ಆ ಒಂದು ಮಿಷನ್ನಿನ ಮೇಲೆ ನಿಂತಿತ್ತು. ಶಾಲೆಗಳು ಶುರುವಾಗುವ ಕಾಲ, ನೂರಾರು ಸಮವಸ್ತ್ರಗಳು ರಾಶಿ ಬಿದ್ದಿದ್ದವು. ಬೆಳಗಿನ ಜಾವವೇ ಎದ್ದು ಹೊಲಿಯುತ್ತಿದ್ದಳು. ಪಕ್ಕದ ಮನೆಗೆ ಕೇಳಿಸದ ಹಾಗಿದ್ದರೆ ಮಾತ್ರ ಎಂಬ ಷರತ್ತಿನ ಮೇಲೆ ಆಕೆಗೆ ಅನುಮತಿ ಸಿಕ್ಕಿತ್ತು. ಅನುಮತಿ ಕೊಡಿಸಿದವನೂ ಮೇಸ್ತ್ರಿಯೇ, 'ನಾನು ಕೇಳಿದೀನಿ, ಗೋಡೆ ದಾಟಲ್ಲ' ಎಂದು ತನ್ನ ಕಿವಿಯ ಮೇಲೆ ಆಣೆ ಇಟ್ಟು.

"ಸಂಜೆ ಏಳಕ್ಕೆ ಸಭೆ ಕರೆದಿದೀನಿ. ಮಿಷನ್ ಕಟ್ಟಡದಿಂದ ಹೊರಗೆ ಹೋಗ್ಬೇಕು ಅಂತ ಡಾಕ್ಟರು ನಿರ್ಣಯ ಮಂಡಿಸ್ತಾರೆ" ಎಂದು ಗಾರ್ಡ್ ಸಾಹೇಬರು ಹೊರಟರು.

ಮೇಸ್ತ್ರಿ ಮೆಟ್ಟಿಲು ಹತ್ತಿದ, ನಿಜ ಹೇಳಿಬಿಡೋಣ ಎಂದು. ಟೈಲರಕ್ಕ ಬಾಗಿಲು ತೆರೆದಾಗ ಆಕೆಯ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು, ಕಣ್ಣು ತುಂಬಿತ್ತು. ಸುದ್ದಿ ಆಗಲೇ ತಲುಪಿತ್ತು.

"ಬನ್ನಿ ಮೇಸ್ತ್ರಿ. ನೀವೇ ಬಂದದ್ದು ಒಳ್ಳೇದಾಯ್ತು" ಎಂದು ಬಟ್ಟೆರಾಶಿ ಸರಿಸಿ ಕುರ್ಚಿ ಕೊಟ್ಟಳು. "ನನ್ನ ಮಿಷನ್ ಹಾಗೆ ಬಡಿಯುತ್ತಾ? ನೀವೇ ಕೇಳಿ ಹೇಳಿ. ನೀವು ಹೌದು ಅಂದ್ರೆ ಹೌದು. ನಾನು ಎದುರು ಮಾತಾಡಲ್ಲ, ಮಿಷನ್ ತಗೊಂಡು ಹೋಗ್ತೀನಿ. ಎಲ್ಲಿಗೆ ಅಂತ ಗೊತ್ತಿಲ್ಲ, ಅಷ್ಟೇ."

"ಅಕ್ಕಾ, ಅದು…" ಎಂದು ಮೇಸ್ತ್ರಿ ಶುರುಮಾಡಿದ.

"ಇನ್ಯಾರನ್ನೂ ನಂಬಲ್ಲ ನಾನು. ನಿಮ್ಮನ್ನ ನಂಬ್ತೀನಿ."

ನಂಬಿಕೆ ಇಟ್ಟವರ ಎದುರು ನಿಜ ಹೇಳುವುದು ಎಷ್ಟು ಕಷ್ಟ ಎಂದು ಆ ಬಡಪಾಯಿಗೆ ಅವತ್ತೇ ತಿಳಿದದ್ದು. ಹೇಳುವುದರ ಬದಲು ಕೈಗೆ ಬಂದ ಕೆಲಸ ಮಾಡಿದ: ಮಿಷನ್ನಿಗೆ ಎಣ್ಣೆ ಬಿಟ್ಟ, ಕಾಲುಗಳ ಕೆಳಗೆ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಇಟ್ಟ. ಮೊದಲೇ ಸದ್ದಿಲ್ಲದ ಮಿಷನ್ನು ಈಗ ಬೆಕ್ಕು ನಡೆದ ಹಾಗೆ ಓಡಿತು. ಇಷ್ಟಾದರೂ ಮಾಡಿದೆನಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ಆ ಸಮಾಧಾನ ಹೊಸ್ತಿಲು ದಾಟುವವರೆಗೂ ಬಾಳಲಿಲ್ಲ. ತೆರೆದ ಬಾಗಿಲ ಮುಂದೆ ಡಾಕ್ಟರು ನಿಂತಿದ್ದರು, ಕ್ಲಿನಿಕ್ಕಿಗೆ ಹೊರಟವರು.

"ಆಹಾ! ರಬ್ಬರ್ ಹಾಕ್ತಾ ಇದೀರಾ? ಅಂದ್ರೆ ಸದ್ದು ಇಲ್ಲಿಂದಲೇ ಅಂತ ನೀವೂ ಕಂಡುಹಿಡಿದ್ರಿ! ನಾನು ಹೇಳಲಿಲ್ವಾ?"

"ಅಲ್ಲ ಡಾಕ್ಟ್ರೇ, ಸುಮ್ಮನೆ…"

"ಸುಮ್ಮನೆ ಯಾರಾದ್ರೂ ಹುಳುಕಿಲ್ಲದ ಹಲ್ಲಿಗೆ ಸಿಮೆಂಟ್ ತುಂಬ್ತಾರೇನ್ರೀ?" ಎಂದು ನಗುತ್ತಾ ಡಾಕ್ಟರು ಕೆಳಗಿಳಿದರು. ಮಧ್ಯಾಹ್ನದೊಳಗೆ, ಮೇಸ್ತ್ರಿಯೇ ಪರೀಕ್ಷೆ ಮಾಡಿ ಟೈಲರಕ್ಕನ ಮಿಷನ್ನೇ ಅಪರಾಧಿ ಎಂದು ತೀರ್ಪು ಕೊಟ್ಟನಂತೆ ಎಂಬ ಸುದ್ದಿ ನಾಲ್ಕೂ ಮಹಡಿ ಸುತ್ತಿ ಬಂತು. ಟೈಲರಕ್ಕನ ಬಾಗಿಲು ಮುಚ್ಚಿತು. ಮೇಸ್ತ್ರಿ ಎರಡು ಸಲ ಹೋಗಿ ತಟ್ಟಿದ, ತೆರೆಯಲಿಲ್ಲ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ನ್ಯಾಯಾಲಯ ಕಾದಿತ್ತು. ಹೆಂಡತಿ ಒಂದು ಕೈಯಲ್ಲಿ ಕುಕ್ಕರಿನ ಮುಚ್ಚಳ, ಇನ್ನೊಂದು ಕೈಯಲ್ಲಿ ಸ್ಪೀಕರು ಹಿಡಿದು ನಿಂತಿದ್ದಳು.

"ಏನ್ರೀ ಇದು? ಇನ್ನೊಂದು ಚೂರಾಗಿದ್ರೆ ನೀರು ಹಾಕಿ ಒಲೆ ಮೇಲಿಡ್ತಿದ್ದೆ!"

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಎಲ್ಲವನ್ನೂ ಹೇಳಿದ. ಕಾರ್ಡು, ಹಾಡು, ಪೈಪು, ಡಾಕ್ಟರು, ರಿಜಿಸ್ಟರು, ರಬ್ಬರು. ಹೆಂಡತಿ ಕೇಳಿಸಿಕೊಂಡಳು. ಬೈಯುತ್ತಾಳೆಂದು ಕಾದರೆ ಅವಳ ಮುಖದಲ್ಲಿ ಬೇರೇನೋ ಇತ್ತು.

"ಅಳಿಯಂದಿರ ಹಾಡು ಕದ್ದು ಕೇಳ್ತಿದ್ರಾ? ಹತ್ತು ದಿನದಿಂದ? ಅವರು ಬಂದಾಗಲೆಲ್ಲ ಮುಖ ಗಂಟು ಹಾಕ್ಕೊಂಡು ಕೂರ್ತೀರಲ್ಲ. ಚೆನ್ನಾಗಿದೆ ಅಂದ್ರೆ ನಿಮ್ಮ ಬಾಯೇನು ಸವೀತಿತ್ತಾ?"

"ನಾಚಿಕೆ ಕಣೇ."

"ನಾಚಿಕೆ ನಿಮಗೆ, ಬೀದಿಗೆ ಬೀಳೋದು ಟೈಲರಕ್ಕ. ಚೆನ್ನಾಗಿದೆ ನ್ಯಾಯ! ಸಂಜೆ ಸಭೇಲಿ ಎದ್ದು ನಿಂತು ಹೇಳ್ತೀರಾ, ಇಲ್ಲ ನಾನೇ ಹೇಳ್ಲಾ?"

ಮಧ್ಯಾಹ್ನವೆಲ್ಲ ಮೇಸ್ತ್ರಿ ಕನ್ನಡಿಯ ಮುಂದೆ ನಿಂತು 'ಆ ಸದ್ದು ನಂದು' ಎಂಬ ಮೂರು ಪದಗಳನ್ನು ಬಾಯಿಪಾಠ ಮಾಡಿದ. ಪ್ರತಿ ಸಲವೂ 'ನಂದು' ಎನ್ನುವ ಹೊತ್ತಿಗೆ ಕನ್ನಡಿ ಒರೆಸತೊಡಗುತ್ತಿದ್ದ.

ಸಂಜೆ ಏಳಕ್ಕೆ ನೆಲಮಹಡಿಯಲ್ಲಿ, ಲಿಫ್ಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ನಿಂತವು. ಎಲ್ಲರೂ ಬಂದರು. ಸದ್ದಿನ ವಿಷಯವೆಂದರೆ ಜನಕ್ಕೆ ಅದೆಲ್ಲಿಯ ಆಸಕ್ತಿಯೋ; ಮೂರನೆಯ ಮಹಡಿಯ ಅಜ್ಜಿ, ಕಿವಿಯ ಮಿಷನ್ನಿಲ್ಲದೆ ಗುಡುಗೂ ಕೇಳಿಸದವರು, ಮೊದಲ ಸಾಲಿನಲ್ಲೇ ಕೂತಿದ್ದರು. ಟೈಲರಕ್ಕ ಕೊನೆಯಲ್ಲಿ ನಿಂತಿದ್ದಳು. ಮೇಸ್ತ್ರಿಯ ಕಡೆ ನೋಡಲಿಲ್ಲ.

ಗಾರ್ಡ್ ಸಾಹೇಬರು ಗಂಟೆ ಬರೆದು ಬಾಯಿ ತೆರೆಯುವಷ್ಟರಲ್ಲಿ ಯಾರೋ, "ಸರ್, ಮೊದಲು ನೀರಿನ ವಿಷಯ. ಸಂಜೆಯಿಂದ ನಲ್ಲೀಲಿ ಗಾಳಿ ಬರ್ತಿದೆ" ಎಂದರು. ಬೆಳಿಗ್ಗೆ ಬಿಚ್ಚಿದ ಟೈಮರನ್ನು ಸರಿಯಾಗಿ ಕೂರಿಸಿರಲಿಲ್ಲ ಎಂದು ಮೇಸ್ತ್ರಿಗೆ ನೆನಪಾಯಿತು. ಮಧ್ಯಾಹ್ನದ ಪಂಪು ಓಡಿಯೇ ಇರಲಿಲ್ಲ. ಹೆಂಡತಿಗೆ ಕಣ್ಸನ್ನೆ ಮಾಡಿದ. ಅವಳು ಹೋಗಿ ಕೈಯಿಂದಲೇ ಸ್ವಿಚ್ಚು ಹಾಕಿ ಬಂದಳು. ಗೋಡೆಯಾಚೆ ಪಂಪು ಗುಂಯ್ಯೆಂದಿತು.

ಡಾಕ್ಟರು ಎದ್ದು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ತಮಗೆ ಯಾರ ಮೇಲೂ ದ್ವೇಷವಿಲ್ಲ, ನಿದ್ದೆಯ ಮೇಲೆ ಪ್ರೀತಿ ಇದೆ, ಅಷ್ಟೇ ಎಂದರು. ಮೇಸ್ತ್ರಿಯವರೇ ಪಂಪು ನಿರ್ದೋಷಿ ಎಂದು ಬರೆದುಕೊಟ್ಟಿದ್ದಾರೆ, ಮೇಸ್ತ್ರಿಯವರೇ ಮಿಷನ್ನಿಗೆ ರಬ್ಬರು ಕಟ್ಟಿದ್ದಾರೆ, ಇನ್ನೇನು ಸಾಕ್ಷಿ ಬೇಕು ಎಂದರು. ಗಾರ್ಡ್ ಸಾಹೇಬರು, "ಒಪ್ಪುವವರು ಕೈ ಎತ್ತಿ" ಎಂದರು.

ಕೈಗಳು ಏಳತೊಡಗಿದವು. ಟೈಲರಕ್ಕ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಚ್ಚುತ್ತಿದ್ದಳು.

"ಆ ಸದ್ದು ನಂದು!"

ಮೇಸ್ತ್ರಿ ಎದ್ದು ನಿಂತಿದ್ದ. ಧ್ವನಿ ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ಎಲ್ಲರ ತಲೆಗಳೂ ಇತ್ತ ತಿರುಗಿದವು.

"ಟೈಲರಕ್ಕಂದಲ್ಲ. ನಂದು. ನಾನು… ಬೆಳಿಗ್ಗೆ ಹಾಡು ಕೇಳ್ತೀನಿ. ಅಳಿಯಂದಿರ ಜಾಝ್. ನಾನೇ ಬರೆಸಿದ ನಿಯಮ ನಾನೇ ಮುರಿದೆ. ಹೇಳೋಕೆ ನಾಚಿಕೆ ಆಯ್ತು. ನನ್ನಿಂದ ಅಕ್ಕನಿಗೆ ಅಪವಾದ ಬಂತು. ತಪ್ಪಾಯ್ತು."

"ನೀವಾ? ಜಾಝಾ? ಬಸ್ ಸ್ಟಾಪಿನ ಕತೆ ಹೇಳ್ತಿದ್ರಲ್ಲ?" ಎಂದು ಯಾರೋ ಕಿಸಕ್ಕೆಂದರು. ಮೇಸ್ತ್ರಿಯ ಕಿವಿ ಬಿಸಿಯಾಯಿತು. ಆದರೆ ಹೇಳಿಯಾಗಿತ್ತು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಟೈಲರಕ್ಕ ಮಧ್ಯಾಹ್ನದಿಂದ ಮೊದಲ ಸಲ ಅವನ ಮುಖ ನೋಡಿದಳು.

ಡಾಕ್ಟರು ಬಿಡಲಿಲ್ಲ. "ಮೇಸ್ತ್ರಿ, ನಿಮ್ಮ ಒಳ್ಳೇ ಮನಸ್ಸು ನನಗೆ ಗೊತ್ತು. ಪಾಪ ಅಂತ ಆಕೆ ತಪ್ಪನ್ನ ನಿಮ್ಮ ತಲೆಗೆ ಹಾಕ್ಕೋಬೇಡಿ. ಎಲ್ಲಿ, ಹಾಡು ಹಾಕಿ ಕೇಳೋಣ."

ಹೆಂಡತಿ ಸ್ಪೀಕರು ತಂದುಕೊಟ್ಟಳು. ಮೇಸ್ತ್ರಿ ಐದನೆಯದನ್ನು ಒತ್ತಿದ. ಬೇಸು ಶುರುವಾಯಿತು. ಡ್ರಮ್ಮು ಸೇರಿತು. ಕುರ್ಚಿಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಪಾದ ಅಲುಗಿತು. ಕಟ್ಟಡದವರೆಲ್ಲ ಅಳಿಯನ ಹಾಡು ಕೇಳುತ್ತಿದ್ದಾರೆ ಎಂದು ಆ ಅವಮಾನದ ನಡುವೆಯೂ ಮೇಸ್ತ್ರಿಗೆ ಒಂದು ಚೂರು ಹೆಮ್ಮೆಯಾಯಿತು.

"ಟಕ್ ಟಕ್ ಎಲ್ಲಿ?" ಎಂದರು ಡಾಕ್ಟರು.

"ಬರುತ್ತೆ ಇರಿ."

ಕೀಬೋರ್ಡು ಅಲೆದು ಮನೆಗೆ ಬಂತು. ಮತ್ತೆ ಅಲೆಯಲು ಹೋಯಿತು. ಟಕ್ ಟಕ್ ಬರಲಿಲ್ಲ.

"ಇದಲ್ಲವೇ ಅಲ್ಲ" ಎಂದರು ಡಾಕ್ಟರು. ನಾಲ್ಕು ಜನ ಹೌದೆಂದು ತಲೆಯಾಡಿಸಿದರು.

"ಬರುತ್ತೆ ಅಂದ್ನಲ್ಲ! ಈಗ, ಇನ್ನೊಂದು ಸುತ್ತು…" ಮೇಸ್ತ್ರಿ ಸದ್ದು ಹೆಚ್ಚಿಸಿದ. ಹಾಡು ಮುಗಿದೇಹೋಯಿತು. ಮತ್ತೆ ಮೊದಲಿನಿಂದ ಹಾಕಿದ. ಕಾದ. ಜನ ಕೈಗಡಿಯಾರ ನೋಡತೊಡಗಿದರು. ಗಾರ್ಡ್ ಸಾಹೇಬರು ಕೆಮ್ಮಿದರು. "ಮೇಸ್ತ್ರಿ, ಸಾಕು. ನನಗಾಗಿ ಸುಳ್ಳು ಹೇಳ್ಬೇಡಿ" ಎಂದು ಟೈಲರಕ್ಕ ಮೆಲ್ಲಗೆ ಹೇಳಿದಳು. ಜೀವನದಲ್ಲಿ ಮೊದಲ ಸಲ ಒಂದು ನಿಜ ಹೇಳಲು ಹೊರಟರೆ ಅದಕ್ಕೂ ಸಾಕ್ಷಿ ಸಿಗುತ್ತಿಲ್ಲವಲ್ಲ ಎಂದು ಮೇಸ್ತ್ರಿಗೆ ಅಳುವೇ ಬಂತು.

ಆಗ ಬಂತು. ಟಕ್… ಟಟಕ್. ಟಕ್… ಟಟಕ್.

"ಬಂತು! ಬಂತು ನೋಡಿ! ನಾನು ಹೇಳಲಿಲ್ವಾ!" ಮೇಸ್ತ್ರಿ ಗೆದ್ದವನಂತೆ ಕೈ ಮೇಲೆತ್ತಿ ಕೂಗಿದ. "ಕೇಳಿ, ಕೇಳಿ, ಎಷ್ಟು ಚೆನ್ನಾಗಿದೆ!"

ಯಾರೂ ಸ್ಪೀಕರಿನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಕುರ್ಚಿಯಲ್ಲಿ ತಿರುಗಿ ಕೂತು ಪಂಪಿನ ಕೋಣೆಯ ಗೋಡೆಯನ್ನು ನೋಡುತ್ತಿದ್ದರು.

ಮೇಸ್ತ್ರಿ ಮೇಲೆತ್ತಿದ ಕೈಯನ್ನು ನಿಧಾನವಾಗಿ ಇಳಿಸಿ, ಮೊಬೈಲನ್ನು ಒತ್ತಿದ. ಹಾಡು ನಿಂತಿತು. ಟಕ್ ಟಕ್ ನಿಲ್ಲಲಿಲ್ಲ.

ಬೇರಿಂಗು. ಸ್ಕ್ರೂಡ್ರೈವರೂ ಬೇಕಿರಲಿಲ್ಲ, ನಿಂತಲ್ಲೇ ಗೊತ್ತಾಯಿತು. ಹತ್ತು ಹದಿನೈದು ನಿಮಿಷ ಓಡಿ ಬಿಸಿಯೇರಿದ ಮೇಲಷ್ಟೇ ಬಡಿಯುವ ಜಾತಿಯದು. ಬೆಳಿಗ್ಗೆ ತಾನು ಪರೀಕ್ಷಿಸಿದ್ದು ಒಂದೇ ನಿಮಿಷ. ಆ ತಟ್ಟು ದಿನಕ್ಕೊಂದು ಕಡೆ ಬರುತ್ತಿತ್ತಲ್ಲ, ಇವತ್ತು ಮೊದಲಲ್ಲಿ, ನಾಳೆ ಕೊನೆಯಲ್ಲಿ. ಪ್ರಯೋಗದ ಸಂಗೀತವೆಂದರೆ ಹೀಗೇ ಇರಬೇಕು ಎಂದು ತಲೆದೂಗಿದ್ದೆನಲ್ಲ! ಒಂದು ವಾರ ಸಾಯುತ್ತಿದ್ದ ಪಂಪಿನ ನರಳಾಟಕ್ಕೆ ಕಣ್ಣು ಮುಚ್ಚಿ ಕಾಲು ಕುಣಿಸಿದ್ದ, ಇಪ್ಪತ್ತೆರಡು ವರ್ಷದ ಮೇಸ್ತ್ರಿ. ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಗಾರ್ಡ್ ಸಾಹೇಬರು ರಿಜಿಸ್ಟರಿನ ಹಾಳೆ ಹಿಂದಕ್ಕೆ ತಿರುವಿ ಗಟ್ಟಿಯಾಗಿ ಓದಿದರು. "'ಪಂಪನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ. ಯಾವ ದೋಷವೂ ಇಲ್ಲ. ಸದ್ದು ಇದರದ್ದಲ್ಲ.' ಒಂಬತ್ತು ಹನ್ನೆರಡು. ಇದು ನಿಮ್ಮ ಸಹಿ ತಾನೇ?"

"ಹೌದು."

"ಅರ್ಥವಾಯ್ತು ನನಗೆ!" ಡಾಕ್ಟರು ಎದ್ದರು. "ಪಂಪ್ ಕೆಟ್ಟಿದ್ದು ಇವರಿಗೆ ಮೊದಲೇ ಗೊತ್ತು. ತಮ್ಮ ತಪ್ಪು ಮುಚ್ಚೋಕೆ ಸುಳ್ಳು ಬರೆದುಕೊಟ್ರು. ರಬ್ಬರ್ ಹಾಕಿ ಆಯಮ್ಮನ ತಲೆಗೆ ಕಟ್ಟಿದ್ರು. ಕೊನೆಗೆ ಮನಸ್ಸು ಚುಚ್ಚಿ ಈ ಹಾಡಿನ ಕತೆ ಕಟ್ಟಿದಾರೆ!"

ಗುಜುಗುಜು ಎದ್ದಿತು. ಟೈಲರಕ್ಕನ ಕಣ್ಣು ಮೇಸ್ತ್ರಿಯ ಮೇಲೆಯೇ ಇತ್ತು. ಆ ನೋಟ ಡಾಕ್ಟರ ಮಾತಿಗಿಂತ ಹರಿತವಾಗಿತ್ತು.

"ಇಲ್ಲ! ದೇವರಾಣೆ ಗೊತ್ತಿರಲಿಲ್ಲ!"

"ಗೊತ್ತಿತ್ತೋ, ಗೊತ್ತಿರಲಿಲ್ಲವೋ, ಎರಡರಲ್ಲಿ ಒಂದು ಬರೀಬೇಕು" ಎಂದು ಗಾರ್ಡ್ ಸಾಹೇಬರು ಪೆನ್ನು ಎತ್ತಿಕೊಂಡರು. "ಗೊತ್ತಿರಲಿಲ್ಲ ಅಂದ್ರೆ, ಇಡೀ ಕಟ್ಟಡಕ್ಕೆ ಕೇಳಿಸಿದ್ದು ಗೋಡೆಗೆ ಒರಗಿ ಕೂತ ನಿಮಗೆ ಯಾಕೆ ಕೇಳಿಸಲಿಲ್ಲ?"

ಕೇಳಿಸಿತ್ತು. ಎಲ್ಲರಿಗಿಂತ ಚೆನ್ನಾಗಿ ಕೇಳಿಸಿತ್ತು. 'ಕೇಳಿಸ್ತು ಸ್ವಾಮಿ, ಸಂಗೀತ ಅನ್ಕೊಂಡೆ' ಎಂದು ಹೇಳಬೇಕಿತ್ತು. ಮೇಸ್ತ್ರಿ ಬಾಯಿ ತೆರೆದ. ಹದಿನಾರು ಮನೆಗಳ ಮುಖಗಳು ಕಾಯುತ್ತಿದ್ದವು. ಬಾಯಿ ಮುಚ್ಚಿದ.

ಆಗ ಮೊದಲ ಸಾಲಿನ ಅಜ್ಜಿ ತಮ್ಮ ಕಿವಿಯ ಮಿಷನ್ನನ್ನು ಸರಿಮಾಡಿಕೊಳ್ಳುತ್ತಾ ಹೇಳಿದರು: "ಯಾಕ್ರೋ ಪಾಪ ಅವನನ್ನ ಗೋಳು ಹೊಯ್ಕೋತೀರಾ? ಗೊತ್ತಾಗಲ್ವಾ? ಅವನಿಗೆ ಕಿವಿ ಹೋಗಿದೆ. ನನಗೂ ಹೀಗೇ ಶುರುವಾಗಿದ್ದು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ ನಾನು."

ಜನರ ಮುಖ ಮೆತ್ತಗಾಯಿತು. ಡಾಕ್ಟರೂ ಕೂತರು, "ಛೆ, ನನಗೆ ಹೊಳೀಲಿಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡದ್ದು ಮೇಸ್ತ್ರಿಗೆ ಸ್ಪಷ್ಟವಾಗಿ ಕೇಳಿಸಿತು. ಗಾರ್ಡ್ ಸಾಹೇಬರ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

ಟೈಲರಕ್ಕ ಕೊನೆಯಿಂದ ಮುಂದೆ ಬಂದಳು. ಕಣ್ಣಿನ ಹರಿತವೆಲ್ಲ ಹೋಗಿ ಕನಿಕರ ತುಂಬಿತ್ತು. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದಳು: "ಹೌದಾ ಮೇಸ್ತ್ರಿ? ನಿಮಗೆ ಕಿವಿ ಕೇಳಿಸಲ್ವಾ?"

ಮೇಸ್ತ್ರಿಗೆ ಅವಳ ಪ್ರತಿ ಅಕ್ಷರವೂ ಕೇಳಿಸಿತು. ಹಿಂದೆ ನಿಂತ ಹೆಂಡತಿ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಗೋಡೆಯಾಚೆ ಬೇರಿಂಗಿನ ಒಂದೊಂದು ಗುಂಡೂ ಬೇರೆಬೇರೆಯಾಗಿ ಕೇಳಿಸುತ್ತಿತ್ತು. ಅವನು ಟೈಲರಕ್ಕನ ಮುಖ ನೋಡಿದ, ಗಾರ್ಡ್ ಸಾಹೇಬರ ಪೆನ್ನು ನೋಡಿದ, ಆಮೇಲೆ ಅಂಗೈಯನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಇಟ್ಟುಕೊಂಡು ಮುಂದಕ್ಕೆ ಬಾಗಿದ.

"ಆಂ?" ಎಂದ.

ಟೈಲರಕ್ಕ ಅದನ್ನೇ ಇನ್ನೊಂದು ಸಲ, ಈ ಸಲ ಜೋರಾಗಿ ಕೇಳಿದಳು.